ಚಂದ್ರನಿಗೆ ಹಾಕಿಸಿದ ತಾರೀಖು

ದುರುಗಪ್ಪನವರು ತೀರಿಕೊಂಡದ್ದು 2007ರ ಆಗಸ್ಟ್‌ನಲ್ಲಿ. ಮಣ್ಣಿಗೆ ಬಂದಿದ್ದ ಅವರ ಊರಿನವರೊಬ್ಬರು ನಾಲ್ಕು ಜನರ ಮುಂದೆ, "ಆರು ವರ್ಷ ಆತು, ಊರ ಕಡಿ ತಲಿ ಹಾಕ್ಲಿಲ್ಲ. ಮೈಸೂರು ನೀರು ಕುಡದ ಮ್ಯಾಲೆ ಊರು ಯಾಕ ಬೇಕು ಬಿಡ್ರಿ" ಎಂದರು. ಆರು ವರ್ಷ ಎಂಬುದು ಸರಿ. ಉಳಿದದ್ದು ಸುಳ್ಳು. ಸಾವಿನ ಮನೆಯೆಂದು ಅಂದು ಸುಮ್ಮನಿದ್ದೆ. ಈಗ ಬರೆದಿಡುತ್ತಿದ್ದೇನೆ.

ಗುಡೇಕೋಟೆಯಿಂದ ನಾಲ್ಕು ಮೈಲಿ ದೂರದಲ್ಲಿ, ಕುರುಚಲು ಗುಡ್ಡಗಳ ಸಂದಿಯಲ್ಲಿರುವ ಹಳ್ಳಿ ಅವರದು. ಸಂಬಂಧಪಟ್ಟವರು ಬದುಕಿರುವುದರಿಂದ ಅದರ ಹೆಸರನ್ನು ಬಿಟ್ಟಿದ್ದೇನೆ. 1979ರ ಜೂನ್‌ನಲ್ಲಿ ಅವರು ಮೈಸೂರು ಸೀಮೆಯ ಒಂದು ಪುರಸಭೆಯಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿದರು. ಬೆಳಗಿನ ಜಾವ ಬೀದಿಬೀದಿಗೆ ವಾಲ್ವ್ ತಿರುಗಿಸುವುದು, ಪೈಪು ಒಡೆದಲ್ಲಿ ಅಗೆಯುವುದು ಅವರ ಪಾಲಿನ ಕೆಲಸ. ನಾನು ಅದೇ ಕಚೇರಿಯಲ್ಲಿ ವ್ಯವಸ್ಥಾಪಕನಾಗಿದ್ದೆ. ನಾನೂ ಅದೇ ಸೀಮೆಯ ಕೊಟ್ಟೂರಿನವನೇ. ಅವರು ಕಡತ ಹಿಡಿದು ಬಂದಾಗ ನಮ್ಮಿಬ್ಬರ ಮಾತು ಊರ ಮಾತಿಗೆ ತಿರುಗುತ್ತಿತ್ತು.

ಅವರ ಊರಿನಲ್ಲಿ ಮೊಹರಂ ಎಲ್ಲರ ಹಬ್ಬ. ಪೀರಲ ದೇವರನ್ನು ಕೂರಿಸುವ ಮಸೂತಿಯ ಮುಂದೆ ಬೆಂಕಿ ಹಾಕಲು ಕುಣಿ ತೆಗೆಯುತ್ತಾರೆ. ಮೊಹರಂ ತಿಂಗಳ ಚಂದ್ರ ಕಂಡ ಸಂಜೆ, ಅವನು ಮುಳುಗುವ ಮುಂಚೆ, ಆ ಕುಣಿಗೆ ಮೊದಲ ಗುದ್ದಲಿ ಬೀಳಬೇಕು. ಆ ಮೊದಲ ಗುದ್ದಲಿ ದುರುಗಪ್ಪನವರ ಮನೆಯದು. ಊರಿನಲ್ಲಿ ಅವರಿಗೆ ಹೊಲವಿರಲಿಲ್ಲ, ಮನೆ 1983ರಲ್ಲೇ ಬಿದ್ದಿತ್ತು, ಒಡಹುಟ್ಟಿದವರೂ ಇರಲಿಲ್ಲ. ಊರಿಗೂ ಅವರಿಗೂ ಉಳಿದಿದ್ದ ಸಂಬಂಧವೆಂದರೆ ಆ ಒಂದು ಗುದ್ದಲಿ. ಅದರ ಮರದ ಹಿಡಿಯನ್ನು, ಅಂದರೆ ಕಾವನ್ನು, ತೆಗೆದು ಗೋಣಿಚೀಲದಲ್ಲಿ ಸುತ್ತಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಊರಿಗೆ ಹೋದಾಗ ಜಾಲಿಯ ಹೊಸ ಕಾವು ಹಾಕಿಸುತ್ತಿದ್ದರು. ಪುರಸಭೆಯ ಮಣ್ಣಿಗೆ ಆ ಗುದ್ದಲಿಯನ್ನು ಎಂದೂ ತಾಗಿಸಿದವರಲ್ಲ.

ಕೆಲಸಕ್ಕೆ ಸೇರಿದಂದಿನಿಂದ 2000ದ ಏಪ್ರಿಲ್‌ವರೆಗೆ ಇಪ್ಪತ್ತೆರಡು ಮೊಹರಂ ಬಂದವು. ಇಪ್ಪತ್ತೆರಡಕ್ಕೂ ಅವರು ರಜೆ ಪಡೆದಿದ್ದಾರೆ. ಹಾಜರಿ ಪುಸ್ತಕಗಳನ್ನು ನಾನೇ ನೋಡಿ ಹೇಳುತ್ತಿದ್ದೇನೆ. ಅಮಾವಾಸ್ಯೆಗೇ ಹೊರಟು ಊರಿನಲ್ಲಿ ಚಂದ್ರನಿಗೆ ಕಾಯುವುದು ಅವರ ರೂಢಿಯಾಗಿತ್ತು.

2001ರಲ್ಲಿ ಯುಗಾದಿ ಮಾರ್ಚ್ 26, ಸೋಮವಾರ ಬಂದಿತು. ಆ ವರ್ಷ ಯುಗಾದಿಯ ಚಂದ್ರನೇ ಮೊಹರಮ್ಮಿನ ಚಂದ್ರ. ದುರುಗಪ್ಪನವರು ತಂದ ಅರ್ಜಿಯಲ್ಲಿ "ಚಂದ್ರ ಕಾಣುವ ಹಿಂದಿನ ದಿನದಿಂದ" ಎಂದಿತ್ತು. ನಾನು ಅದನ್ನು ಮರಳಿಸಿದೆ.

"ಹಿಂಗ ಬರದ್ರ ಆಡಿಟ್‌ನವ್ರು ನನ್ನ ಮುಖ ನೋಡಿ ನಗ್ತಾರ. ತಾರೀಖು ಹಾಕ್ರಿ."

"ಚಂದ್ರಗ ಯಾರು ತಾರೀಖು ಹಾಕ್ಯಾರ್ರಿ ಸಾಹೇಬ್ರ?"

"ಸರ್ಕಾರ ಹಾಕೈತಿ. ಅಲ್ದ ಯುಗಾದಿ ದಿನ ಊರೆಲ್ಲ ಎಣ್ಣಿ ನೀರು ಹಾಕ್ಕೊಂತೈತಿ. ಅವತ್ತು ನೀರು ಬಿಟ್ಟು ಹೋಗ್ರಿ."

ಅವರು ನಿಂತಲ್ಲೇ ಲೆಕ್ಕ ಹಾಕಿದರು. ಹಿಂದಿನ ವರ್ಷ ಯುಗಾದಿ ಏಪ್ರಿಲ್ 5ಕ್ಕಿತ್ತು, ಚಂದ್ರ ಕಂಡದ್ದು ಮರುದಿನ. ನಮ್ಮ ಕಡೆ ಯುಗಾದಿಯ ಮಾರನೆಯ ದಿನವೇ ಚಂದ್ರನನ್ನು ನೋಡುವ ವಾಡಿಕೆ. ಈ ವರ್ಷವೂ ಮರುದಿನ ಎಂದುಕೊಂಡು 27ರಿಂದ ಹನ್ನೊಂದು ದಿನ ಎಂದು ಬರೆದರು. ನಾನು ಸಹಿ ಹಾಕಿದೆ. ತಿಥಿಯ ಹೊತ್ತು ಹಿಂದುಮುಂದಾಗಿ ಕೆಲವೊಮ್ಮೆ ಯುಗಾದಿಯ ಸಂಜೆಯೇ ಚಂದ್ರ ಕಾಣುತ್ತಾನೆಂದು ಪಂಚಾಂಗ ನೋಡುವ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು.

26ರ ಸಂಜೆ ದುರುಗಪ್ಪನವರು ಹತ್ತಿದ ಬಸ್ಸು ಮೈಸೂರು ಬಿಟ್ಟು ಅರ್ಧ ಗಂಟೆಯಾಗಿರಲಿಲ್ಲ. ಎಡಗಡೆಯ ಕಿಟಕಿಯಲ್ಲಿ ಚಂದ್ರ ಕಂಡ. ಪಕ್ಕದವರು ಕೈ ಮುಗಿದು ಅಕ್ಕಪಕ್ಕದವರಿಗೆ ತೋರಿಸಿದರು. ದುರುಗಪ್ಪನವರ ಕಾಲಬುಡದಲ್ಲಿ ಗೋಣಿಚೀಲವಿತ್ತು. ಅವರ ತಾಲ್ಲೂಕು ಕೂಡ್ಲಿಗಿ ಇನ್ನೂ ಒಂದು ರಾತ್ರಿಯಷ್ಟು ದೂರವಿತ್ತು.

ಇದೂ ಮುಂದಿನದೂ ಅವರು ಹೇಳಿದಂತೆ. ಮರುದಿನ ಬೆಳಿಗ್ಗೆ ಅವರು ಊರು ಮುಟ್ಟಿದಾಗ ಮಸೂತಿಯ ಮುಂದೆ ಹಸಿ ಮಣ್ಣು ಗುಡ್ಡೆಯಾಗಿತ್ತು. ಕಟ್ಟೆಯ ಮೇಲೆ ಊರ ಹಿರಿಯ ಜೋಗಪ್ಪ ಕುಳಿತಿದ್ದ.

"ಬಾರಪಾ, ಮೈಸೂರು ದುರುಗಪ್ಪ. ನಿಮ್ಮ ಕಡಿ ಚಂದ್ರ ಒಂದು ದಿನ ತಡ ಏನು?"

"ಇಲ್ಲ ಮಾವ. ಬಸ್ಸಿನ್ಯಾಗ ನೋಡಿದೆ."

"ನೋಡಿ ಏನ್ ಮಾಡಿದಿ?"

"ಸುಮ್ನ ಕುಂತಿದ್ದೆ."

ಗುದ್ದಲಿ ಹಾಕಿದವನು ಎದುರುಮನೆಯ ರಾಮಣ್ಣ, ವಯಸ್ಸಿನಲ್ಲಿ ಕಿರಿಯ. ಅವನು ಓಡಿಬಂದು ಹೇಳಿದ, "ನಾ ಒಲ್ಲೆ ಅಂದೆ ದುರುಗಣ್ಣ. ಚಂದ್ರ ಗುಡ್ಡದ ಮ್ಯಾಲೆ ಇಳದಿದ್ದ. ಕೈಗೆ ಕೊಟ್ಬಿಟ್ರು."

"ಬರೋ ವರ್ಷ ಅಮಾಸಿಗೇ ಬರ್ತೀನಿ" ಎಂದರು ದುರುಗಪ್ಪನವರು.

ಜೋಗಪ್ಪ ತಲೆಯಾಡಿಸಿದ. "ಮಣ್ಣಿಗೆ ಯಾವ ಮನಿ ಕೈ ಬಿತ್ತೋ ಆ ಮನೀದು. ನಿಮ್ಮಪ್ಪಗ ಹೆಂಗ ಬಂತು, ನಿನಗ ಗೊತ್ತೈತಿ."

ಗೊತ್ತಿತ್ತು. ಹಿಂದೆ ಆ ಹಕ್ಕಿದ್ದ ಮನೆಯವರು ಹೊಸಪೇಟೆಯ ಅಣೆಕಟ್ಟಿನ ಕೂಲಿಗೆ ಹೋಗಿ ಒಂದು ವರ್ಷ ಬರಲಿಲ್ಲ. ಆ ಸಂಜೆ ಇವರ ತಂದೆಯ ಕೈಗೆ ಗುದ್ದಲಿ ಕೊಟ್ಟಿದ್ದರು. ಆ ಮನೆಯವರು ಮುಂದಿನ ವರ್ಷ ಬಂದು ಕೇಳಿದಾಗ, ತಂದೆ ಕೊಟ್ಟಿರಲಿಲ್ಲ. ದುರುಗಪ್ಪನವರು ಗೋಣಿಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

ಆ ನಿಯಮ ಕ್ರೂರವಾದದ್ದು ಎಂದು ಇಂದಿಗೂ ಹೇಳುತ್ತೇನೆ. ಇಪ್ಪತ್ತೆರಡು ಸಲ ಬಂದವನನ್ನು ಒಂದು ಸಂಜೆಯಿಂದ ಅಳೆಯುವುದು ಯಾವ ನ್ಯಾಯ? ಆದರೆ ಹಾಗೆ ಕೇಳುವ ಅಧಿಕಾರ ನನಗಿಲ್ಲ. ಚಂದ್ರನಿಗೆ ತಾರೀಖು ಹಾಕಿಸಿದವನು ನಾನು.

29ರ ಬೆಳಿಗ್ಗೆ ಅವರು ನನ್ನ ಮೇಜಿನ ಮುಂದೆ ನಿಂತಿದ್ದರು. ಉಳಿದ ರಜೆ ರದ್ದು ಮಾಡಬೇಕೆಂಬ ಅರ್ಜಿ ಕೈಯಲ್ಲಿತ್ತು.

"ಏಪ್ರಿಲ್ ಆರರ ತನಕ ರಜಾ ಐತಲ್ರಿ" ಎಂದೆ. "ಹಬ್ಬ ಮುಗಿಸ್ಕೊಂಡು ಬರಬಹುದಿತ್ತು."

ಆಗ ಅವರು ಮೇಲಿನದೆಲ್ಲವನ್ನೂ ಹೇಳಿದರು. ದನಿ ಏರಲಿಲ್ಲ. ಕೊನೆಗೆ, "ಅಷ್ಟು ದಿನ ಅಲ್ಲಿ ನಾ ಯಾರಾಗಿ ಇರ್ಲಿ, ಹೇಳ್ರಿ" ಎಂದರು. ತಾರೀಖಿನ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅರ್ಜಿಗೆ ಸಹಿ ಹಾಕಿ ಕೊಟ್ಟೆ.

ಮರುವರ್ಷ ಮಾರ್ಚ್‌ನಲ್ಲಿ ಮೊಹರಂ ಬಂದಾಗ ನಾನಾಗಿಯೇ ಅವರನ್ನು ಕರೆಸಿದೆ. ತಾರೀಖಿನ ಜಾಗ ಖಾಲಿ ಬಿಟ್ಟು ಅರ್ಜಿ ಕೊಡಿ, ಆಮೇಲೆ ತುಂಬೋಣ ಎಂದೆ. "ಬ್ಯಾಡ್ರಿ ಸಾಹೇಬ್ರ, ನೀರಿನ ಕೆಲಸ ಐತಿ" ಎಂದು ಹೊರಟುಹೋದರು. ಆ ವರ್ಷ ಅವರು ಒಂದು ದಿನವೂ ರಜೆ ಹಾಕಲಿಲ್ಲ. ಅದೂ ಪುಸ್ತಕದಲ್ಲಿದೆ.

ಅದಾಗಿ ಒಂದೆರಡು ವಾರದಲ್ಲಿ ಸಂತೆಪೇಟೆಯ ತಿರುವಿನಲ್ಲಿ ಪೈಪು ಒಡೆದಿತ್ತು. ನಾನು ಕಚೇರಿಗೆ ನಡೆದು ಹೋಗುತ್ತಿದ್ದೆ. ದುರುಗಪ್ಪನವರು ಮೊಣಕಾಲುದ್ದದ ಗುಂಡಿಯಲ್ಲಿ ನಿಂತು ಕೆಸರು ಎತ್ತಿ ಹಾಕುತ್ತಿದ್ದರು. ನನ್ನನ್ನು ಕಂಡು ನಮಸ್ಕಾರ ಮಾಡಿ ಮತ್ತೆ ಬಗ್ಗಿದರು. ಪಕ್ಕದಲ್ಲಿ ಆ ಗೋಣಿಚೀಲ ಮಡಚಿ ಇಟ್ಟಿತ್ತು. ಕೈಯಲ್ಲಿದ್ದ ಆ ಗುದ್ದಲಿಗೆ ಪುರಸಭೆಯ ಉಗ್ರಾಣದ ಕಾವು ಹಾಕಿದ್ದರು.