ಅರ್ಧಕ್ಕೆ ಕತ್ತರಿಸಿದ ಕಾಯಿಲ್

ಬೀದಿಯವರು ಆಕೆಯನ್ನು ಕಾಯಿಲಮ್ಮ ಎನ್ನುತ್ತಿದ್ದರು. ಹೊಸಬರಿಗೆ ಅದು ಕಾಯಿಲೆಯಮ್ಮ ಎಂದು ಕೇಳಿಸಿ, ಪಾಪ, ಏನು ರೋಗವೋ ಎಂದು ಮರುಗುತ್ತಿದ್ದರು. ಆಕೆ ಗುಂಡುಕಲ್ಲಿನಂತಿದ್ದಳು. ಇಸ್ತ್ರಿಪೆಟ್ಟಿಗೆಗೆ, ನೀರು ಕಾಯಿಸುವ ಹೀಟರಿಗೆ ಕಾಯಿಲ್ ಸುತ್ತುವುದು ಆಕೆಯ ಕಸುಬು.

ಕಲಿಸಿದವನು ಗಂಡ. ಮೀಟರಿನಲ್ಲಿ ವೋಲ್ಟು, ಆಂಪಿಯರ್ ತೋರಿಸಿ ಲೆಕ್ಕ ಕೇಳುವನು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿ ಒಡ್ಡುವ ತಡೆ, ಅಂದರೆ ಓಮ್. ಎರಡನ್ನೂ ಗುಣಿಸಿದರೆ ಅದು ಎಳೆಯುವ ಪವರ್, ಅಂದರೆ ವ್ಯಾಟ್. ಭಾಗಿಸುವ ಕಡೆ ಗುಣಿಸಿದಳೋ, ಬೆರಳ ಗೆಣ್ಣಿನ ಮೇಲೆ ಇಕ್ಕಳದ ಏಟು. ಒಮ್ಮೆ ಹಲ್ಲೂ ಮುರಿಯಿತು. ಅತ್ತೆ ಒಳಗೆ ಕೂತು ಬಟ್ಟೆ ಮಡಿಸುತ್ತಿದ್ದಳು. ಎದ್ದು ಬರುತ್ತಿರಲಿಲ್ಲ. ಗಂಡ ಲಾರಿಗೆ ಸಿಕ್ಕಿ ಸತ್ತ ಮೇಲೆ ಅಂಗಡಿ, ಅತ್ತೆ ಎರಡೂ ಆಕೆಯ ಕೊರಳಿಗೆ ಬಿದ್ದವು.

ಒಂದು ಬೆಳಿಗ್ಗೆ ಲಾಂಡ್ರಿಯ ಮಾಲೀಕ ದೊಡ್ಡ ಪ್ರೆಸ್ಸಿನ ಕಾಯಿಲ್ ಬಿಚ್ಚಿ ತಂದ. ಬೇಗ ಕಾಯುತ್ತಿಲ್ಲ, ಅರ್ಧಕ್ಕೆ ಕತ್ತರಿಸಿಕೊಡು ಎಂದ. ಆಕೆ ಮೀಟರ್ ಹಚ್ಚಿ ನೋಡಿದಳು.

"ಇನ್ನೂರ ಮೂವತ್ತು ವೋಲ್ಟಿಗೆ ಹತ್ತು ಆಂಪಿಯರ್ ಎಳೀತಿದೆ. ಅಂದ್ರೆ ಇಪ್ಪತ್ಮೂರು ಓಮ್, ಎರಡು ಸಾವಿರದ ಮುನ್ನೂರು ವ್ಯಾಟ್. ಅರ್ಧ ಕತ್ತರಿಸಿದ್ರೆ ತಡೆ ಅರ್ಧ ಆಗುತ್ತೆ, ಆಂಪಿಯರ್ ಇಪ್ಪತ್ತಾಗುತ್ತೆ, ವ್ಯಾಟೂ ಡಬಲ್. ನಿಮ್ಮ ವೈರು ಹದಿನೈದು ಆಂಪಿಯರ್ ಮೇಲೆ ತಾಳಲ್ಲ ಅಣ್ಣಾ, ಹೊತ್ಕೊಳ್ಳುತ್ತೆ."

"ನಿನ್ನ ಪಾಠ ಕೇಳೋಕೆ ಬಂದಿಲ್ಲ."

ಅವನು ಕಾಯಿಲ್ ಕಿತ್ತುಕೊಂಡು ಹೋಗಿ ತಾನೇ ಕತ್ತರಿಸಿದ. ಫ್ಯೂಸ್ ಹೋಯಿತು, ಅಲ್ಲಿಗೆ ದಪ್ಪ ತಂತಿ ಬಿಗಿದ. ಸಂಜೆಯೊಳಗೆ ಗೋಡೆಯ ವೈರು ಹೊತ್ತಿ, ಬಟ್ಟೆರಾಶಿಗೆ ಬೆಂಕಿ ತಗುಲಿ, ಒಳಗಿದ್ದ ಅವನ ತಮ್ಮನ ಎರಡೂ ಕೈ ಬೆಂದವು.

ಮರುದಿನ ಮಾಲೀಕ ಕಬ್ಬಿಣದ ಸರಳು ಹಿಡಿದು ಬಂದ. "ಕಾಯಿಲ್ ಕೆಡಿಸಿ ನನ್ನ ತಮ್ಮನ್ನ ಸುಟ್ಟೆಯಲ್ಲೇ!"

ಮೊದಲ ಏಟಿಗೆ ಮೀಟರ್ ಚೂರಾಯಿತು. ಎರಡನೆಯದಕ್ಕೆ ಆಕೆ ಬಲಗೈ ಅಡ್ಡ ಹಿಡಿದಳು. ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ಬಿದ್ದಲ್ಲಿಂದಲೇ ಎಡಗೈಗೆ ಸಿಕ್ಕ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಅವನ ತೊಡೆಗೆ ಒತ್ತಿದಳು. ಚರ್ಮ ಚುರ್ರೆಂದಿತು. ಅವನು ಕಿರುಚುತ್ತ ಮತ್ತೆ ಸರಳೆತ್ತಿದ. ಅದು ಇಳಿಯಲಿಲ್ಲ. ಹಿಂದಿನಿಂದ ಬಂದ ಅತ್ತೆ ದೊಡ್ಡ ಸ್ಪ್ಯಾನರಿನಿಂದ ಅವನ ತಲೆಗೆ ಬಾರಿಸಿದ್ದಳು. ಅವನು ಕುಸಿದ, ರಕ್ತ ಹೊಸ್ತಿಲವರೆಗೆ ಹರಿಯಿತು. ಮುದುಕಿ ಮತ್ತೊಮ್ಮೆ ಕೈ ಎತ್ತಿದಳು.

"ಸಾಕು ಬಿಡಿ ಅತ್ತೆ, ಸತ್ತೇ ಹೋಗ್ತಾನೆ!"

ಅತ್ತೆ ಏದುಸಿರು ಬಿಡುತ್ತ ನಿಂತಳು. ಸೊಸೆ ಗೋಡೆಗೊರಗಿ ಅವಳನ್ನೇ ನೋಡಿದಳು. "ನಿಮ್ಮ ಮಗ ಹೊಡೀವಾಗ ಈ ಕೈ ಎಲ್ಲಿತ್ತು?"

ಮುದುಕಿ ಸ್ಪ್ಯಾನರ್ ಕೆಳಗಿಟ್ಟು, ಹಳೆ ಬಟ್ಟೆಯೊಂದನ್ನು ಹರಿದು ಸೊಸೆಯ ಮಣಿಕಟ್ಟಿಗೆ ಸುತ್ತತೊಡಗಿದಳು.

ಮಾಲೀಕ ಬದುಕಿಕೊಂಡ. ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ತಮ್ಮ, "ಕಾಯಿಲ್ ಕತ್ತರಿಸಿದ್ದು ಅಣ್ಣನೇ ಸರ್, ಆಗ ಅದನ್ನ ನಾನೇ ಹಿಡ್ಕೊಂಡಿದ್ದೆ," ಎಂದುಬಿಟ್ಟ. ಅಣ್ಣ ಜೈಲಿಗೆ ಹೋದ. ಅತ್ತೆಯನ್ನೂ ಠಾಣೆಯಲ್ಲಿ ಕೂರಿಸಿಕೊಂಡು, ಅವಳ ಬೈಗುಳ ತಾಳಲಾರದೆ ಕಳಿಸಿದರಂತೆ.

ಕೈ ವಾಸಿಯಾದ ಮೇಲೆ ತಮ್ಮ ಲಾಂಡ್ರಿಗೆ ಹೊಸ ವೈರು ಎಳೆಸಿ, ಪ್ರೆಸ್ಸಿಗೆ ಕಾಯಿಲ್ ಕೂರಿಸಲು ಕಾಯಿಲಮ್ಮನನ್ನೇ ಕರೆದ. ಅವನ ಬೆರಳು ಬಾಗುತ್ತಿರಲಿಲ್ಲ, ಆಕೆಯ ಮಣಿಕಟ್ಟು ತಿರುಗುತ್ತಿರಲಿಲ್ಲ. ಸ್ಕ್ರೂ ಬಿಗಿದವಳು ಅತ್ತೆ, ಇಬ್ಬರನ್ನೂ ಬೈಯುತ್ತ.