ಸಮತಾ ಹೇಳಿದ ‘ಮೆಹ್’

ನಿನ್ನೆ ಚಿಕ್ಕೋಡಿ ಬಸ್ ನಿಲ್ದಾಣದ ಹೋಟೆಲಿನಿಂದ ಉಳ್ಳಾಗಡ್ಡಿ ಹಾಕಿದ ಅವಲಕ್ಕಿಯ ಘಮ ಬಂತು. ನಿಮಗಾಗಿದ್ದರೆ ಹಸಿವಾಗುತ್ತಿತ್ತು. ನನಗೆ ಒಂದು ಇಂಗ್ಲಿಷ್ ಶಬ್ದ ನೆನಪಾಯಿತು.

ಕನ್ಯೆ ನೋಡಲು ಬಂದವರಿಗೆ ಅವಲಕ್ಕಿ ಕೊಡುವುದು ನಮ್ಮ ಕಡೆಯ ರೂಢಿ. ಕೆಲ ವರ್ಷಗಳ ಹಿಂದೆ ಅಣ್ಣನ ಮಗಳು ಸಮತಾಳನ್ನು ನೋಡಲು ಉಗಾರದಿಂದ ಒಬ್ಬ ವರ ಬಂದಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ಮೇಲೆ ದ್ರಾಕ್ಷಿ ತೋಟ. ಅವಲಕ್ಕಿಯನ್ನು ಮತ್ತೆ ಹಾಕಿಸಿಕೊಂಡ. ಅವನ ಬಗ್ಗೆ ನನಗೆ ಉಳಿದಿರುವುದು ಅಷ್ಟೇ.

ಅವರು ಹೋದ ಮೇಲೆ ಅಣ್ಣ ಮಗಳನ್ನು ಕೇಳಿದ: “ಹುಡುಗ ಹೆಂಗ ಅದಾನವಾ?”

“ಮೆಹ್,” ಎಂದಳು ಸಮತಾ.

ಆಡಿನ ಮರಿಯ ಹೊರತು ಬೇರೆ ಯಾರ ಬಾಯಲ್ಲೂ ನಾನು ಆ ಮಾತು ಕೇಳಿರಲಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನೆಂದು ಅಣ್ಣ ನನ್ನತ್ತ ತಿರುಗಿದ. “ಹಂಗಂದ್ರ ಹೂಂ ಅಂತನೋ, ಉಹೂಂ ಅಂತನೋ?”

“ನಾಚಿಕೊಂಡಾಳ,” ಎಂದೆ. ಶಬ್ದಾರ್ಥ ಕೈಕೊಟ್ಟಾಗ ಮಾಸ್ತರರು ಮನಸ್ಸಿನ ಅರ್ಥ ಹೇಳತೊಡಗುತ್ತಾರೆ.

ಅಣ್ಣ ಖುಷಿಯಿಂದ ಸಂಬಂಧ ತಂದ ಮಧ್ಯಸ್ಥನಿಗೆ ಫೋನ್ ಹಚ್ಚಿದ. ಸಮತಾ ಅದನ್ನು ಕಸಿದು ಬಂದ್ ಮಾಡಿದಳು.

“ಅಪ್ಪಾ, ಛಲೋ ಅಂತನೂ ಅಲ್ಲ, ಕೆಟ್ಟ ಅಂತನೂ ಅಲ್ಲ. ನನಗ ಏನೂ ಅನಸಲಿಲ್ಲ. ಮೆಹ್ ಅಂದ್ರ ಅಷ್ಟ.”

“ಮತ್ತ ಅಡ್ಡಿ ಏನೈತಿ?”

“ಜನ್ಮ ಪೂರ್ತಿ ಏನೂ ಅನಸದ ಹೆಂಗ ಇರ್ಲಿ?”

ನಮ್ಮ ಮನೆತನದ ಹೆಣ್ಣುಮಕ್ಕಳು ಹೂಂ ಅನ್ನುತ್ತಿದ್ದರು, ಇಲ್ಲವೇ ಸುಮ್ಮನಿರುತ್ತಿದ್ದರು. ಎರಡನ್ನೂ ನಾವು ಒಪ್ಪಿಗೆಯೆಂದೇ ಹಿಡಿಯುತ್ತಿದ್ದೆವು. ಅಣ್ಣ ಮಗಳ ಕೈಯಿಂದ ಫೋನ್ ಇಸಿದುಕೊಂಡ. ತಾನೇ ಮಧ್ಯಸ್ಥನಿಗೆ ಹಚ್ಚಿ ಹೇಳಿದ: “ಹುಡುಗಿಗಿ ಮನಸ್ಸಿಲ್ರಿ. ತಪ್ಪ ತಿಳ್ಕೋಬ್ಯಾಡ್ರಿ.”

ಮಧ್ಯಸ್ಥ ಆ ಕಡೆಯಿಂದ, “ಇರ್ಲಿ ಬಿಡ್ರಿ. ಹುಡುಗನೂ ಅದೇನೋ ಮೆಹ್ ಅಂದಾನ. ಹಂಗಂದ್ರ ಏನ್ರಿ?” ಎಂದ.

ಮರುವರ್ಷ ಸಮತಾ ಬೋರಗಾಂವದ ಹುಡುಗನೊಬ್ಬನನ್ನು ಒಪ್ಪಿದಳು. ಅಚ್ಚ ಕನ್ನಡದಲ್ಲಿ.

ನಿನ್ನೆ ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದೆ: “ನಾ ನಿನ್ನ ನೋಡಾಕ ಬಂದಾಗ ತಲಿ ತಗ್ಗಿಸಿದ್ದಿಯಲ್ಲ, ಅದು ಒಪ್ಪಿಗೀನ?”

“ನಿಮ್ಮ ಮೀಸಿ ನೋಡಿ ನಗು ಬಂದಿತ್ತು. ಅದಕ್ಕ ತಗ್ಗಿಸಿದ್ದೆ.”

“ಇಷ್ಟ ವರ್ಷ ಹೇಳಲಿಲ್ಲ?”

“ನೀವೆಲ್ಲಿ ಕೇಳಿದ್ರಿ?”

“ಮತ್ತ ಒಪ್ಪಿಗಿ?”

“ಅದು ಮದುವಿ ಆಗಿ ಎರಡ ವರ್ಷದ ಮ್ಯಾಲ ಬಂತು.”

“ಹೆಂಗ ಬಂತು?”

ಅವಳು ಸೆರಗಿಗೆ ಕೈ ಒರೆಸಿಕೊಂಡು, ಎದುರಿಗೆ ಕೂತು ಹೇಳತೊಡಗಿದಳು. ನಾನು ನಡುವೆ ಬಾಯಿ ಹಾಕಲಿಲ್ಲ.