ಆರು ಹತ್ತಕ್ಕೆ ಹೊರಟ ಆರು ಇಪ್ಪತ್ತರ ಬಸ್ಸು

1998ರ ಮಾರ್ಚ್ ತಿಂಗಳ ಒಂದು ಸೋಮವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಾನು ಹಡಗಲಿಯ ಬಸ್ ನಿಲ್ದಾಣದಲ್ಲಿ ಗೋಡೆ ಗಡಿಯಾರದ ಕೆಳಗೆ, ಬಾಯಲ್ಲಿ ಸೀಟಿ ಹಿಡಿದು ನಿಂತಿದ್ದೆ. ನನ್ನ ಎಡಕ್ಕೆ ಐದು ಹೆಜ್ಜೆ ದೂರದಲ್ಲಿ ದಾವಣಗೆರೆ ಬಸ್ಸು ಇತ್ತು. ಅದು ಹೊರಡಬೇಕಾದ ಸಮಯ ಆರು ಇಪ್ಪತ್ತು. ನಾನು ಸೀಟಿ ಊದಿದೆ, ಬಸ್ಸು ಹೊರಟಿತು. ರಿಜಿಸ್ಟರಿನಲ್ಲಿ 6.20 ಎಂದು ಬರೆದು ಸಹಿ ಮಾಡಿದೆ.

ನನ್ನ ಹುದ್ದೆಗೆ ಟೈಮ್ ಕೀಪರ್ ಎಂದು ಹೆಸರು. ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಹೊರಡುವಾಗ, ಮುಂದಿನದು ತಡ ಮಾಡಿದರೆ ಹಿಂದಿನದರ ಪ್ರಯಾಣಿಕರನ್ನು ತಿಂದುಬಿಡುತ್ತದೆ. ಆ ಜಗಳ ಬೇಡವೆಂದು ಬಸ್ಸಿನ ಮಾಲೀಕರೆಲ್ಲ ಸೇರಿ ಸಂಬಳ ಕೊಟ್ಟು ಒಬ್ಬನನ್ನು ಇಡುತ್ತಿದ್ದರು. ಪರ್ಮಿಟ್ಟಿನಲ್ಲಿ ಬರೆದ ಸಮಯಕ್ಕೆ ಸೀಟಿ ಊದುವುದು, ಹೊರಟ ಸಮಯ ಬರೆಯುವುದು, ಇಷ್ಟೇ ಕೆಲಸ. ಒಂದು ವಾರ ಹಡಗಲಿ, ಒಂದು ವಾರ ಹರಪನಹಳ್ಳಿ, ಹೀಗೆ ಸರದಿ.

ಆದರೆ ಹಡಗಲಿಯಲ್ಲಿ ಆರು ಇಪ್ಪತ್ತರ ಬಸ್ಸಿನ ಮೇಲೆ ಊರಿನ ವ್ಯಾಪಾರವೇ ನಿಂತಿತ್ತು. ಸುತ್ತಲಿನ ತೋಟಗಳಲ್ಲಿ ಬೆಳಗಿನ ಜಾವ ಬಿಡಿಸಿದ ಮಲ್ಲಿಗೆ ಮೊಗ್ಗು ಆ ಬಸ್ಸಿನ ಮೇಲೇರಿ ದಾವಣಗೆರೆಗೆ ಹೋಗಬೇಕು. ಅಲ್ಲಿಯ ಹೂವಿನ ಮಾರುಕಟ್ಟೆ ಹತ್ತರೊಳಗೆ ಮುಗಿಯುತ್ತದೆ. ಮುಂದಿನ ಬಸ್ಸಿಗೆ ಹಾಕಿದರೆ ತಲುಪುವಷ್ಟರಲ್ಲಿ ಕೊಳ್ಳುವವರು ಎದ್ದು ಹೋಗಿರುತ್ತಾರೆ. ಹೂವು ಚೆನ್ನಾಗಿ ಹೋದ ವಾರ ಕಿರಾಣಿ ಅಂಗಡಿಗಳ ಮುಂದೆ ಸಂಜೆ ಹೂ ಬಿಡಿಸುವ ಹೆಂಗಸರ ಗುಂಪು ಇರುತ್ತಿತ್ತು. ಹೋಗದ ವಾರ ಅಂಗಡಿಯವರು ಗಲ್ಲಾ ಬಿಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಆ ಬಸ್ಸಿನ ಮೇಲ್ಛಾವಣಿಯನ್ನು ಗುರುಶಾಂತಪ್ಪ ಎಂಬ ಹೂವಿನ ದಲ್ಲಾಳಿ ಪೂರ್ತಿ ಹಿಡಿದಿದ್ದ. ಬಸ್ಸಿನ ಮಾಲೀಕರು ಅವನ ಬೀಗರು. ಬೆಳೆದವರು ಬುಟ್ಟಿ ಕೊಡಬೇಕು. ಯಾವ ದರಕ್ಕೆ ಹೋಯಿತೆಂದು ಎರಡು ದಿನದ ನಂತರ ಅವನು ಹೇಳಿದ್ದೇ ಸರಿ. ಆ ವರ್ಷ ಹಾಲಮ್ಮ ಎಂಬಾಕೆ ಅದನ್ನು ಮುರಿದಳು. ಅವಳಿಗಿದ್ದದ್ದು ಅರ್ಧ ಎಕರೆ ಮಲ್ಲಿಗೆ. ಹಿಂದಿನ ಸಂಜೆಯೇ ಎಸ್‌ಟಿಡಿ ಬೂತಿನಿಂದ ದಾವಣಗೆರೆಯ ಅಂಗಡಿಗೆ ಫೋನ್ ಮಾಡಿ ದರ ಕೇಳಿ, ಕೇರಿಗೆ ಹೇಳಿ, ತನ್ನದರ ಜೊತೆ ಬೇರೆ ಹನ್ನೊಂದು ಮನೆಯ ಹೂವನ್ನೂ ತಾನೇ ಕಳಿಸತೊಡಗಿದಳು. ಬುಟ್ಟಿಗಳು ಅದಲುಬದಲಾಗದಿರಲೆಂದು ತನ್ನ ಹಳೆಯ ಹಸಿರು ಸೀರೆಯೊಂದನ್ನು ಹರಿದು ಹನ್ನೊಂದಕ್ಕೂ ಬಾಯಿಗೆ ಕಟ್ಟಿದ್ದಳು. ಕಂಡಕ್ಟರ್ ಖಾದರ್ ಸಾಬ್ ಹಿಂಬದಿಯ ಸೀಟಿನ ಕೆಳಗೆ, ಡ್ರೈವರ್ ಪಕ್ಕದಲ್ಲಿ ಅವಕ್ಕೆ ಜಾಗ ಮಾಡಿಕೊಡುತ್ತಿದ್ದ.

ಭಾನುವಾರ ಸಂಜೆ ಗುರುಶಾಂತಪ್ಪ ನನ್ನ ಮೇಜಿನ ಮೇಲೆ ಕೂತು ಹೇಳಿದ: "ಏನಪಾ ಗಡಿಯಾರ, ನಾಳಿಂದ ಮೂರು ದಿನ ಆಕಿ ಬರೋಕಿಂತ ಮುಂಚೆ ಊದು. ಸೀಟಿ ನಿಂದು, ಬಾಯಿ ನಿಂದು. ಕುರ್ಚಿ ಮಾತ್ರ ನಮ್ಮ ಬೀಗರದು."

ಸೋಮವಾರ ಆರು ಹತ್ತಕ್ಕೆ ಊದಿದ್ದನ್ನು ಆಗಲೇ ಹೇಳಿದ್ದೇನೆ. ಊದಿದಾಗ ಖಾದರ್ ಕೇಳಿದ: "ಬಸ್ಸಿಗೆ ಮದುವಿ ಐತೇನ್ರಿ, ಇಷ್ಟು ಅವಸರ?" ಹಾಲಮ್ಮ ತಳ್ಳುಗಾಡಿ ನೂಕುತ್ತ ಬಂದಾಗ ಆರು ಹದಿನಾಲ್ಕು. ಮಂಗಳವಾರ ಅವಳು ಅರ್ಧ ತೋಟ ಬಿಡಿಸದೆ ಬಿಟ್ಟು ಆರು ಏಳಕ್ಕೇ ಬಂದಳು; ನಾನು ಆರು ನಾಲ್ಕಕ್ಕೆ ಊದಿದ್ದೆ. ಬುಧವಾರ ಆರು ಗಂಟೆ ಒಂದು ನಿಮಿಷಕ್ಕೆ ಪೆಟ್ರೋಲ್ ಬಂಕಿನ ತಿರುವಿನಲ್ಲಿ ಅವಳ ತಳ್ಳುಗಾಡಿ ಕಂಡಿತು. ಕಂಡ ಮೇಲೆಯೇ ಊದಿದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಅವಳು ಬಂದು ನನ್ನ ಮುಂದೆ ನಿಂತಳು.

"ಅಣ್ಣ, ಗಡಿಯಾರ ಕೆಟ್ಟೈತೇನ್ರಿ?"

"ಇಲ್ಲ."

"ಹಂಗಾರ ನೀವು ಕೆಟ್ಟೀರಿ."

ಮೂರು ದಿನದ ಹೂವು ತಿಪ್ಪೆ ಸೇರಿತು. ಗುರುವಾರ ಹನ್ನೊಂದು ಮನೆಯವರೂ ಅವಳ ಕೈಬಿಟ್ಟರು. ಅವರಲ್ಲಿ ಒಬ್ಬಳು ಹಾಲಮ್ಮನ ಓರಗಿತ್ತಿ. "ನಿನ್ನ ನಂಬಿ ನಮ್ಮ ಮಕ್ಕಳು ಹೂವು ತಿನ್ನಬೇಕೇನು?" ಎಂದು ಅವಳು ನಿಲ್ದಾಣದಲ್ಲೇ ಕೇಳಿದ್ದನ್ನು ನಾನು ಕೇಳಿಸಿಕೊಂಡೆ. ಅದೇ ದಿನ ಗುರುಶಾಂತಪ್ಪ, ಉಳಿದ ಅರಳು ಹೂವಿನ ಹಾರವೊಂದನ್ನು ತಂದು, "ನಮ್ಮ ಗಡಿಯಾರಕ್ಕ ಸನ್ಮಾನ ಮಾಡ್ರಪಾ" ಎಂದು ನನ್ನ ಕೊರಳಿಗೆ ಹಾಕಿದ. ನಿಲ್ದಾಣದಲ್ಲಿದ್ದವರೆಲ್ಲ ನಕ್ಕರು. ತೆಗೆದರೆ ಕೆಲಸ ಹೋದೀತೆಂದು ಹೆದರಿ, ಅವನು ಹೋಗುವವರೆಗೆ ಹಾರ ಹಾಕಿಕೊಂಡೇ ಕೂತಿದ್ದೆ. ಆ ಹೊತ್ತಿನಲ್ಲಿ ನನ್ನೊಳಗೆ ಹುಟ್ಟಿದ್ದು ನ್ಯಾಯದ ಆಸೆ ಎಂದು ಮೊದಮೊದಲು ಹೇಳಿಕೊಳ್ಳುತ್ತಿದ್ದೆ. ಅಲ್ಲ, ಅದು ಹಗೆ.

ಏಪ್ರಿಲ್‌ನಲ್ಲಿ ಹಾಲಮ್ಮ ಮತ್ತೆ ಬಂದಳು. "ಒಂದು ಅರ್ಜಿ ಬರೆದು ಕೊಡ್ರಿ. ನಿಮ್ಮ ಅಕ್ಷರದಾಗೇ ಬೇಕು. ಸುಳ್ಳು ಬರೆದ ಕೈ ಒಂದ್ಸಲ ಖರೇ ಬರೀಲಿ" ಎಂದಳು.

ಬರೆದೆ. ಪ್ರಯಾಣಿಕರ ಬಸ್ಸಿನ ಮೇಲೆ ಮಿತಿ ಮೀರಿ ಸರಕು ಹೇರುವಂತಿಲ್ಲ. ಆ ಬಸ್ಸಿನ ಮೇಲೆ ದಿನಕ್ಕೆ ನಲವತ್ತಕ್ಕಿಂತ ಹೆಚ್ಚು ಒದ್ದೆ ಬುಟ್ಟಿಗಳು ಹೋಗುತ್ತಿದ್ದವು. ಬಸ್ಸಿನ ನಂಬರು, ಹೊರಡುವ ಸಮಯ, ಹರಪನಹಳ್ಳಿ ತಲುಪುವ ಸಮಯ, ಎಲ್ಲವನ್ನೂ ನನ್ನ ರಿಜಿಸ್ಟರ್ ನೋಡಿಯೇ ಬರೆದೆ. ಅಕ್ಷಯ ತೃತೀಯದ ಹಿಂದಿನ ದಿನ, ಮದುವೆಗಳ ಹೂವು ಹೋಗುವಾಗ, ಹೊರೆ ಎಲ್ಲಕ್ಕಿಂತ ಹೆಚ್ಚಿರುತ್ತದೆ ಎಂದೂ ಸೇರಿಸಿದೆ. ಆ ಸಾಲು ಅವಳು ಹೇಳಿದ್ದಲ್ಲ, ನನ್ನದೇ. ಅರ್ಜಿಯನ್ನು ಸಾರಿಗೆ ಇಲಾಖೆಯ ಕಚೇರಿಗೆ ಅವಳೇ ಒಯ್ದು ಕೊಟ್ಟಳು.

ಅಕ್ಷಯ ತೃತೀಯದ ಹಿಂದಿನ ದಿನ ನನ್ನ ಸರದಿ ಹರಪನಹಳ್ಳಿಯಲ್ಲಿತ್ತು. ಏಳು ನಲವತ್ತಕ್ಕೆ ಬಸ್ಸು ಬಂತು. ಸಾರಿಗೆ ಇನ್‌ಸ್ಪೆಕ್ಟರರ ಜೀಪು ಅಷ್ಟರಲ್ಲಾಗಲೇ ನಿಲ್ದಾಣದ ಬಾಯಿಗೆ ನಿಂತಿತ್ತು. ಪ್ರಯಾಣಿಕರನ್ನು ಇಳಿಸಿದರು, ಬುಟ್ಟಿಗಳನ್ನೂ ಇಳಿಸಿದರು. ಮದುವೆಯ ಆರ್ಡರ್ ಎಂದು ಜೊತೆಗೇ ಬಂದಿದ್ದ ಗುರುಶಾಂತಪ್ಪ ಕೈಮುಗಿದು ಬೇಡಿಕೊಂಡ. ಇನ್‌ಸ್ಪೆಕ್ಟರ್ ಜೋರು ಮಾಡಲಿಲ್ಲ, ಬಿಡಲೂ ಇಲ್ಲ. ಎಣಿಸಿ, ಕೇಸು ಬರೆದು, ಬಸ್ಸು ಬಿಟ್ಟಾಗ ಹನ್ನೊಂದು ಗಂಟೆ. ಅಷ್ಟು ಹೊತ್ತೂ ಬುಟ್ಟಿಗಳು ಬಿಸಿಲಿನಲ್ಲಿದ್ದವು.

ಕೇಸು ಬರೆಯುವಾಗ ಅವರು ನನ್ನ ಮೇಜಿನ ಮೇಲೆ ತೆರೆದಿಟ್ಟಿದ್ದ ಅರ್ಜಿಯನ್ನು ಗುರುಶಾಂತಪ್ಪ ಕಂಡ. ನನ್ನನ್ನು ನೋಡಿದ. "ಇದು ನಿನ್ನ ಅಕ್ಷರ ಅಲ್ಲೇನಲೇ?"

"ಹೌದು. ಈ ಸಲ ಟೈಮು ಸರಿಯಾಗಿ ಬರ್ದೀನಿ" ಎಂದೆ.

ಆಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಅದು ಹತ್ತು ನಿಮಿಷ ಇತ್ತೇನೋ. ಆಮೇಲೆ ಬುಟ್ಟಿಗಳನ್ನು ಎಣಿಸಲು ಹೋದೆ; ಎಣಿಸುವುದು ನನ್ನ ಅಭ್ಯಾಸ. ಐವತ್ತೇಳು ಇದ್ದವು. ಅವುಗಳಲ್ಲಿ ಹನ್ನೊಂದರ ಬಾಯಿಗೆ ಹಸಿರು ಸೀರೆಯ ತುಂಡು.

"ಇವು ಹಾಲಮ್ಮನ ಕೇರಿಯವು" ಎಂದ ಖಾದರ್. "ಒಂದು ತಿಂಗಳಿಂದ ಇದರಾಗೇ ಬರ್ತಾವ. ನಿಮಗೆ ಗೊತ್ತೈತಿ ಅಂತ ತಿಳ್ಕೊಂಡಿದ್ದೆ."

ದಿನಾ ಬುಟ್ಟಿಗಳನ್ನು ಎಣಿಸಿದ್ದೆ, ಯಾರವೆಂದು ನೋಡಿರಲಿಲ್ಲ. ಒಂದರ ಗೋಣಿ ಸರಿಸಿ ಕೈ ಹಾಕಿದೆ. ಒಳಗೆ ಅನ್ನದ ಹಬೆಯಂಥ ಬಿಸಿ. ಮೊಗ್ಗುಗಳು ಹಳದಿಯಾಗಿ ಬೆಂದುಹೋಗಿದ್ದವು. ಗೋಣಿಯನ್ನು ಮೊದಲಿನಂತೆ ಮುಚ್ಚಿದೆ.

ಗುರುಶಾಂತಪ್ಪ ಮದುವೆಯ ಹೂವು ಕೊಳ್ಳುತ್ತಿದ್ದ ಅಂಗಡಿಗಳನ್ನು ಕಳೆದುಕೊಂಡು ಆ ಹಂಗಾಮಿನಲ್ಲೇ ವ್ಯಾಪಾರ ಬಿಟ್ಟ. ನನ್ನ ಕೆಲಸ ಮುಂದಿನ ಸೋಮವಾರ ಹೋಯಿತು. ಆಮೇಲೆ ಕೊಟ್ಟೂರಿನ ಲಾರಿ ಆಫೀಸೊಂದರಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದೆ. ಆ ದಾರಿಯ ಬಸ್ಸುಗಳ ಮೇಲೆ ಹೂವು ಹೇರುವುದು ನಿಂತಿತು. ಸ್ವಂತ ಟೆಂಪೋ ಇದ್ದ ಹೊರ ಊರಿನವನೊಬ್ಬ ಬಂದು ತೋಟದ ಬದುವಿನಲ್ಲೇ ನಿಂತು ದರ ಹೇಳತೊಡಗಿದ. ಅವನಿಗಿಂತ ಗುರುಶಾಂತಪ್ಪನೇ ವಾಸಿಯಿದ್ದ ಎಂದವರೂ ಉಂಟು. ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಯವರು ಮಲ್ಲಿಗೆ ಕಿತ್ತು ಮೆಕ್ಕೆಜೋಳ ಹಾಕಿದರು.

ಊರು ಬೆಳೆಯಲು ರಸ್ತೆ ಬೇಕು, ಬ್ಯಾಂಕು ಬೇಕು ಎಂದು ಭಾಷಣಗಳಲ್ಲಿ ಕೇಳುತ್ತೇನೆ. ಬೇಕು ನಿಜ. ನನ್ನ ಕೆಲಸ ಕಲಿಸಿದ್ದು ಇನ್ನೂ ಸಣ್ಣದು: ಬಸ್ಸಿನ ಸಮಯ ದಲ್ಲಾಳಿಗೂ ತಳ್ಳುಗಾಡಿಗೂ ಒಂದೇ ಆಗಿರಬೇಕು. ಅದನ್ನು ಒಬ್ಬನಿಗಾಗಿ ಒಮ್ಮೆ ಮುರಿದವನು, ಆಮೇಲೆ ನಿಜ ಬರೆದರೂ ಅದು ಸೇಡಿಗಷ್ಟೇ ಒದಗುತ್ತದೆ.

ಗುರುಶಾಂತಪ್ಪ ತೀರಿಕೊಂಡಿದ್ದಾನೆ. ಇದನ್ನು ಕಂಡವರಲ್ಲಿ ಖಾದರ್ ಸಾಬ್ ಹರಪನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಐವತ್ತೇಳು ಬುಟ್ಟಿಯ ಲೆಕ್ಕ ಅವನಿಗೂ ನೆನಪಿದೆ. ಹಾಲಮ್ಮ ಅದೇ ಕೇರಿಯಲ್ಲಿದ್ದಾಳೆ. ಇದನ್ನೆಲ್ಲ ಬರೆಯಲೇ ಎಂದು ಕೇಳಲು ಹೋದ ವರ್ಷ ಅವಳ ಮನೆಗೆ ಹೋಗಿದ್ದೆ. ನಿಮ್ಮ ಕೇರಿಯ ಬುಟ್ಟಿಗಳೂ ಆ ಬಸ್ಸಿನಲ್ಲಿದ್ದದ್ದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ ಎಂದು ಸೇರಿಸುತ್ತೇನೆ ಎಂದೆ.

ಅವಳು ಕಾಳು ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ನಿಮಗೆ ತಿಳಿದಿರಲಿಲ್ಲ ಅಂತ ಬರೀರಿ ಅಣ್ಣ. ನನಗ ತಿಳಿದಿತ್ತು. ನನ್ನ ಬಿಟ್ಟು ಹೋದವರೂ ಅವರೇ ಅಲ್ಲೇನ್ರಿ?"